ಪುಸ್ತಕ ಮುಚ್ಚಿ ಒಪ್ಪಿಸು

ವಿಜಯವಾಡದ ಸತ್ಯನಾರಾಯಣಪುರದಲ್ಲಿ ನಮ್ಮಕ್ಕನ ಮನೆ. ಬಳ್ಳಾರಿಯಿಂದ ಅಮರಾವತಿ ಎಕ್ಸ್‌ಪ್ರೆಸ್‌ನಲ್ಲಿ ಒಂದು ರಾತ್ರಿಯ ಪ್ರಯಾಣ. ಹೋದ ಡಿಸೆಂಬರಿನಲ್ಲಿ ಅಲ್ಲಿಗೆ ಹೋದಾಗ ಅಕ್ಕನ ಮಗಳು ಹತ್ತನೆಯ ತರಗತಿಯ ಜೀವಶಾಸ್ತ್ರ ಹಿಡಿದು ಕೂತಿದ್ದಳು. ಪುಟ ತಿರುವಿದರೆ ಹೋಳಿ ಹಬ್ಬ. ಹಳದಿ, ಗುಲಾಬಿ, ಹಸಿರು ಹೈಲೈಟರುಗಳು ಓಡಾಡಿ ಬಣ್ಣ ತಾಗದ ಸಾಲೇ ಉಳಿದಿರಲಿಲ್ಲ.

‘ಇದು ಮೂರನೇ ರಿವಿಷನ್ ಮಾಮ’ ಅಂದಳು.

‘ಹಂಗಾದ್ರೆ ಪುಸ್ತಕ ಮುಚ್ಚು. ಮೂತ್ರಪಿಂಡ ಹೆಂಗ ಕೆಲಸ ಮಾಡ್ತದೆ, ಹೇಳು.’

ಎರಡು ವಾಕ್ಯ ಸಲೀಸಾಗಿ ಬಂದವು. ಮೂರನೆಯದಕ್ಕೆ ಕಣ್ಣು ಸೂರು ನೋಡಿತು. ಕೈ ಮೆಲ್ಲಗೆ ಪುಸ್ತಕದ ಕಡೆ ಹೋಯಿತು. ‘ಎಲ್ಲಾ ಗೊತ್ತು ಮಾಮ, ಬಾಯಿಗೆ ಬರ್ತಿಲ್ಲ ಅಷ್ಟೆ.’

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದವನಿಗೆ ಈ ಮಾತು ಹೊಸದಲ್ಲ. ಪರೀಕ್ಷೆ ಮುಗಿಸಿ ಹೊರಗೆ ಬಂದ ಮಕ್ಕಳಲ್ಲಿ ಅರ್ಧಕ್ಕರ್ಧ ಜನ ಇದನ್ನೇ ಹೇಳುತ್ತಾರೆ. ಸುಳ್ಳು ಹೇಳುತ್ತಿಲ್ಲ ಪಾಪ, ಅವರಿಗೆ ನಿಜವಾಗಿಯೂ ಗೊತ್ತಿದೆ ಅನ್ನಿಸಿರುತ್ತದೆ. ಮೂರು ಸಲ ಓದಿದ ಪುಟ ನಾಲ್ಕನೆಯ ಸಲ ಕಣ್ಣಿಗೆ ಬಿದ್ದಾಗ ಹಳೆಯ ನೆಂಟನಂತೆ ನಗುತ್ತದೆ. ಆ ಪರಿಚಯವನ್ನೇ ನಾವು ತಿಳಿವಳಿಕೆ ಎಂದುಕೊಂಡುಬಿಡುತ್ತೇವೆ.

ಆ ಹೊತ್ತಿಗೆ ಡ್ಯೂಟಿ ಮುಗಿಸಿ ಬಂದ ಭಾವನವರನ್ನು ಕೇಳಿದೆ: ‘ಪ್ರಕಾಶಂ ಬ್ಯಾರೇಜಿಗೆ ಗೇಟು ಎಷ್ಟು?’ ಕೃಷ್ಣೆಗೆ ಅಡ್ಡಲಾಗಿ 1957ರಲ್ಲಿ ಕಟ್ಟಿ ಮುಗಿಸಿದ ಆ ಬ್ಯಾರೇಜಿನ ಮೇಲೆ ಅವರು ಓಡಾಡಿದ್ದಕ್ಕೆ ಲೆಕ್ಕವಿಲ್ಲ. ನಲವತ್ತು ಅಂದರು, ಐವತ್ತು ಅಂದರು, ಕೊನೆಗೆ ಚಹಾ ಕೇಳಿದರು. ಇರುವುದು 70. ಸಾವಿರ ಸಲ ನೋಡಿದ್ದು ತಲೆಯಲ್ಲಿ ನಿಲ್ಲುವುದಾಗಿದ್ದರೆ ಭಾವನವರು ಎಪ್ಪತ್ತು ಅನ್ನಬೇಕಿತ್ತು. ನೋಡುವುದು ಬೇರೆ, ಕೇಳಿದಾಗ ತೆಗೆದು ಕೊಡುವುದು ಬೇರೆ. ಮಗಳು ಕಿಸಕ್ಕನೆ ನಕ್ಕಳು. ಆದರೆ ಸಂಗತಿ ಅವಳಿಗೆ ನಾಟಿತು.

ಹಳೆಯ ಮೇಷ್ಟ್ರುಗಳ ಬಾಯಲ್ಲಿ ಒಂದು ಒಳ್ಳೆಯ ಮಾತಿತ್ತು: ಪಾಠ ಒಪ್ಪಿಸು. ಸಾಲ ಒಪ್ಪಿಸುವಂತೆ, ಲೆಕ್ಕ ಒಪ್ಪಿಸುವಂತೆ, ತೆಗೆದುಕೊಂಡದ್ದನ್ನು ತಿರುಗಿ ಕೈಗಿಡುವುದು. ತೆಲುಗಿನಲ್ಲೂ ಹೆಚ್ಚು ಕಡಿಮೆ ಅದೇ ಪದ, ‘ಒಪ್ಪಜೆಪ್ಪು’. ಎರಡೂ ಭಾಷೆಯ ಶಾಲೆಗಳಲ್ಲಿ ಈ ಮಾತು ಈಗ ಮೂಲೆ ಸೇರಿದೆ. ಅದರ ಜಾಗಕ್ಕೆ ಬಂದ ‘ರಿವಿಷನ್’ ಎಂಬ ಪದದ ಹೊಟ್ಟೆಯಲ್ಲೇ ‘ಮತ್ತೆ ನೋಡುವುದು’ ಎಂಬ ಅರ್ಥ ಕೂತಿದೆ. ಮಕ್ಕಳು ಆ ಪದಕ್ಕೆ ನಿಯತ್ತಾಗಿ ಮತ್ತೆ ಮತ್ತೆ ನೋಡುತ್ತಿದ್ದಾರೆ. ನನ್ನ ತಕರಾರು ಇಷ್ಟೇ: ನೋಡಿದ್ದು ಸಾಕು, ಒಪ್ಪಿಸಲಿ.

ಇದು ಹಳಬನೊಬ್ಬನ ಹಂಬಲ ಅಂತ ತಳ್ಳಿಹಾಕುವವರಿಗಾಗಿ ಒಂದು ಪ್ರಯೋಗದ ಕಥೆ. 2006ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಇಬ್ಬರು ಮನಃಶಾಸ್ತ್ರಜ್ಞರು ಕಾಲೇಜು ಹುಡುಗರಿಗೆ ಚಿಕ್ಕ ಪಾಠಗಳನ್ನು ಕೊಟ್ಟರು. ಒಂದು ಸೂರ್ಯನ ಬಗ್ಗೆ, ಇನ್ನೊಂದು ಸಮುದ್ರದ ನೀರುನಾಯಿಯ ಬಗ್ಗೆ. ಒಂದು ಗುಂಪು ನಾಲ್ಕು ಅವಧಿಯೂ ಓದಿತು. ಇನ್ನೊಂದು ಗುಂಪು ಒಂದು ಅವಧಿ ಓದಿ, ಉಳಿದ ಮೂರು ಅವಧಿಯಲ್ಲಿ ಪಾಠವನ್ನು ಪಕ್ಕಕ್ಕಿಟ್ಟು, ನೆನಪಿಗೆ ಬಂದಷ್ಟನ್ನು ಖಾಲಿ ಹಾಳೆಯ ಮೇಲೆ ಬರೆಯಿತು. ಓದುವವರ ಗುಂಪು ಸರಾಸರಿ ಹದಿನಾಲ್ಕು ಸಲ ಪಾಠ ತಿರುವಿಹಾಕಿತ್ತು, ಬರೆಯುವವರದು ಮೂರೂವರೆ ಸಲವೂ ಆಗಿರಲಿಲ್ಲ. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಓದಿದವರಿಗೆ ಶೇಕಡ 83ರಷ್ಟು ನೆನಪಿತ್ತು, ಬರೆದವರಿಗೆ 71. ಅಲ್ಲಿಗೇ ನಿಲ್ಲಿಸಿದ್ದರೆ ಹೈಲೈಟರ್ ಕಂಪನಿಗಳು ಹಬ್ಬ ಮಾಡಬಹುದಿತ್ತು. ಒಂದು ವಾರ ಬಿಟ್ಟು ಕೇಳಿದಾಗ ಓದಿದವರು 40ಕ್ಕೆ ಇಳಿದಿದ್ದರು, ಬರೆದವರು 61ರಲ್ಲಿದ್ದರು. ತಮಾಷೆಯೆಂದರೆ, ನಮಗೆ ಚೆನ್ನಾಗಿ ನೆನಪಿರುತ್ತದೆ ಎಂಬ ಭರವಸೆ ಓದಿದವರಿಗೇ ಹೆಚ್ಚಾಗಿತ್ತು.

ಪರೀಕ್ಷೆಯ ಹಿಂದಿನ ರಾತ್ರಿ ಓದಿ ಬೆಳಿಗ್ಗೆ ಬರೆದು ಬಚಾವಾದವರು ಇದಕ್ಕೇ ಮೋಸ ಹೋಗುವುದು. ಐದು ನಿಮಿಷದ ಪರೀಕ್ಷೆಯಲ್ಲಿ ಅವರು ಗೆದ್ದಿರುತ್ತಾರೆ. ಆದರೆ ಹತ್ತನೆಯ ತರಗತಿ ಆರು ವಿಷಯಗಳದ್ದು. ಆಂಧ್ರದಲ್ಲಿ 2022ರಲ್ಲಿ ಹನ್ನೊಂದು ಪತ್ರಿಕೆಗಳನ್ನು ಏಳಕ್ಕೆ ಇಳಿಸಿದರು. ಪತ್ರಿಕೆ ಕಡಿಮೆಯಾದವು, ಒಂದೊಂದರ ಹೊಟ್ಟೆ ದೊಡ್ಡದಾಯಿತು. ವರ್ಷವಿಡೀ ಓದಿದ್ದನ್ನು ಒಂದೇ ಬೆಳಿಗ್ಗೆ ಹೊರಗೆ ತೆಗೆಯಬೇಕು. ಹಿಂದಿನ ರಾತ್ರಿಯ ಓದು ಅಷ್ಟನ್ನು ಹೊರುವುದಿಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಒಪ್ಪಿಸುವುದೆಂದರೆ ಉರು ಹೊಡೆಯುವುದಲ್ಲ. ಸಂಜೆ ದೀಪ ಹಚ್ಚಿದ ಮೇಲೆ ನಾವು ಜಗುಲಿಯಲ್ಲಿ ಕೂತು ಮಗ್ಗಿ ಹೇಳುತ್ತಿದ್ದೆವು. ಏಳೊಂದಲೆ ಏಳರಿಂದ ಹೊರಟರೆ ಬಂಡಿ ತಡೆಯಿಲ್ಲದೆ ಎಪ್ಪತ್ತಕ್ಕೆ ಹೋಗಿ ನಿಲ್ಲುತ್ತಿತ್ತು. ನಡುವೆ ಅಜ್ಜ ‘ಏಳೆಂಟ್ಲೆ?’ ಅಂದರೆ ಮುಗಿಯಿತು, ಮನಸ್ಸಿನೊಳಗೆ ಮತ್ತೆ ಏಳೊಂದಲೆಯಿಂದ ಓಡಿ ಬರಬೇಕು. ಸಾಲಿನ ಬಾಲವನ್ನು ಸಾಲು ಹಿಡಿದಿರುತ್ತದೆ, ಅಷ್ಟೆ. ಬಾಲ ಕತ್ತರಿಸಿ ಕೇಳಿದರೆ ಕೈಯಲ್ಲಿ ಏನೂ ಇಲ್ಲ. ತೆಲುಗಿನವರು ಇದನ್ನು ‘ಬಟ್ಟೀ’ ಅನ್ನುತ್ತಾರೆ. ಅಜ್ಜನ ಅಡ್ಡಪ್ರಶ್ನೆಯೇ ನಮಗೆ ಮಗ್ಗಿ ಕಲಿಸಿದ್ದು, ನಮ್ಮ ರಾಗವಲ್ಲ.

ಅಡ್ಡಪ್ರಶ್ನೆಯನ್ನು ಕಲೆಯಾಗಿಸಿದ ನೆಲ ಆಂಧ್ರ. ಅವಧಾನವೆಂಬ ಆ ಕಲೆ ಕನ್ನಡಿಗರಿಗೆ ಶತಾವಧಾನಿ ಆರ್. ಗಣೇಶ್ ಅವರಿಂದ ಹತ್ತಿರವಾಗಿದೆ. ತೆಲುಗು ನಾಡಿನಲ್ಲಿ ಅದನ್ನು ಊರೂರಿಗೆ ಒಯ್ದವರು ತಿರುಪತಿ ವೆಂಕಟ ಕವುಲು ಎಂಬ ಜೋಡಿ. ಅವರಲ್ಲೊಬ್ಬರಾದ ಚೆಳ್ಳಪಿಳ್ಳ ವೆಂಕಟಶಾಸ್ತ್ರಿಗಳು ವಿಜಯವಾಡದಿಂದ ಎಪ್ಪತ್ತು ಕಿಲೋಮೀಟರ್ ಆಚೆಯ ಬಂದರಿನಲ್ಲಿ, ಅಂದರೆ ಮಚಲೀಪಟ್ಟಣದಲ್ಲಿ, ಹೈಸ್ಕೂಲ್ ಮೇಷ್ಟ್ರಾಗಿದ್ದವರು. ಅವರ ಕೈಯಲ್ಲಿ ಕಲಿತ ವಿಶ್ವನಾಥ ಸತ್ಯನಾರಾಯಣ ಮುಂದೆ ವಿಜಯವಾಡದ ಕಾಲೇಜಿನಲ್ಲಿ ಪಾಠ ಹೇಳಿ, ತೆಲುಗಿಗೆ ಮೊದಲ ಜ್ಞಾನಪೀಠ ತಂದರು.

ಅಷ್ಟಾವಧಾನ ನೋಡಿದವರು ಅದರ ಓಟವನ್ನು ನೆನಪಿಸಿಕೊಳ್ಳಿ. ಪ್ರಶ್ನೆ ಒಡ್ಡುವ ಪೃಚ್ಛಕರಲ್ಲೊಬ್ಬ ಸಮಸ್ಯೆ ಕೊಡುತ್ತಾನೆ, ಅವಧಾನಿ ಪದ್ಯದ ಒಂದೇ ಸಾಲು ಹೇಳಿ ಮುಂದಿನವರ ಕಡೆ ತಿರುಗುತ್ತಾರೆ. ಅಲ್ಲಿ ಕೊಟ್ಟ ಪದಗಳನ್ನು ಪದ್ಯದಲ್ಲಿ ಕೂರಿಸುವ ದತ್ತಪದಿ, ಇನ್ನೊಂದು ಸಾಲು. ನಿಷೇಧಾಕ್ಷರಿಯವನು ಅಕ್ಷರಕ್ಕೆ ಅಡ್ಡಗಾಲು ಹಾಕುತ್ತಾನೆ. ಅಪ್ರಸ್ತುತ ಪ್ರಸಂಗದವನು ನಡುವೆ ಬಾಯಿಹಾಕಿ ಮದುವೆ ಊಟದ ಸುದ್ದಿ ತೆಗೆಯುತ್ತಾನೆ. ಒಂದು ಸುತ್ತು ಮುಗಿದ ಮೇಲೆ ಮೊದಲಿನವನ ಬಳಿಗೆ ಮರಳಿ, ಅರ್ಧ ಮರೆಯುವಷ್ಟು ಹೊತ್ತು ಕಳೆದ ಮೇಲೆ, ಆ ಪದ್ಯದ ಎರಡನೆಯ ಸಾಲು. ಹೀಗೆ ನಾಲ್ಕು ಸುತ್ತು. ಕಾಗದವಿಲ್ಲ, ಪೆನ್ನಿಲ್ಲ. ಕೊನೆಗೆ ಧಾರಣ, ಎಲ್ಲ ಪದ್ಯಗಳನ್ನೂ ಒಪ್ಪಿಸುವುದು.

ಹತ್ತನೆಯ ತರಗತಿಯ ಮಗು ಅವಧಾನಿಯಾಗಬೇಕಿಲ್ಲ. ಆದರೆ ಆ ಓಟದಲ್ಲಿರುವ ಮೂರು ಸಂಗತಿ ಅದರ ಕೈಗೂ ಎಟಕುತ್ತವೆ. ನಡುವೆ ಬಿಡುವು ಕೊಟ್ಟು ಮರಳುವುದು, ಒಂದರೊಳಗೆ ಒಂದನ್ನು ಬೆರೆಸುವುದು, ನೋಡದೆ ತೆಗೆಯುವುದು. ಇವತ್ತಿನ ಕಲಿಕೆಯ ಸಂಶೋಧಕರು ಹೇಳುತ್ತಿರುವುದೂ ಹೆಚ್ಚು ಕಡಿಮೆ ಇವನ್ನೇ.

ಬಿಡುವಿನ ವಿಚಾರ ಜರ್ಮನಿಯ ಎಬ್ಬಿಂಗ್‌ಹೌಸ್‌ನಿಂದ ಶುರುವಾಗುತ್ತದೆ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಕಂಠಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ಅಳೆದು 1885ರಲ್ಲಿ ಪುಸ್ತಕ ಬರೆದ ಮನುಷ್ಯ. ಮೊದಲ ಒಂದು ಗಂಟೆಯಲ್ಲೇ ಅರ್ಧಕ್ಕಿಂತ ಹೆಚ್ಚು ಜಾರುತ್ತದೆ, ಆಮೇಲೆ ಜಾರುವಿಕೆ ನಿಧಾನವಾಗುತ್ತದೆ ಎಂಬುದು ಅವನ ಲೆಕ್ಕ. ಈ ಅಂಕಿಯನ್ನು ಹಿಡಿದು ‘ಇವತ್ತು ಓದಿದ್ದರಲ್ಲಿ ನಾಳೆ ಇಷ್ಟು ಹೋಯಿತು’ ಎಂದು ಹೆದರಿಸುವ ಭಾಷಣಕಾರರನ್ನು ನಾನು ನೋಡಿದ್ದೇನೆ. ಅದು ಅತಿಯಾಯಿತು. ದ್ಯುತಿಸಂಶ್ಲೇಷಣೆ ಅರ್ಥವಿಲ್ಲದ ಅಕ್ಷರಗುಚ್ಛವಲ್ಲ, ಅರ್ಥವಾದದ್ದು ಅಷ್ಟು ಬೇಗ ಹೋಗುವುದಿಲ್ಲ. ಆದರೆ ಮೂಲ ಮಾತು ನಿಜ. ಒಂದೇ ದಿನ ನಾಲ್ಕು ಗಂಟೆ ಹೂಡುವುದಕ್ಕಿಂತ ಅದೇ ನಾಲ್ಕು ಗಂಟೆಯನ್ನು ಮೂರು ವಾರಕ್ಕೆ ಹರಡಿದರೆ ಹೆಚ್ಚು ಉಳಿಯುತ್ತದೆ. ಮಾರನೆಯ ದಿನ ಒಮ್ಮೆ, ನಾಲ್ಕು ದಿನಕ್ಕೊಮ್ಮೆ, ಹತ್ತು ದಿನಕ್ಕೊಮ್ಮೆ, ತಿಂಗಳಿಗೊಮ್ಮೆ. ಈ ಅಂತರಗಳನ್ನು ಪಂಚಾಂಗದ ಮುಹೂರ್ತದಂತೆ ಪಾಲಿಸಬೇಕಿಲ್ಲ. ಪರೀಕ್ಷೆ ದೂರವಿದ್ದಷ್ಟೂ ಬಿಡುವು ಉದ್ದವಿರಲಿ. ಮರಳಿ ಬಂದಾಗ ತುಸು ತಿಣುಕಾಡುವಂತಿರಬೇಕು, ಪೂರ್ತಿ ಅಳಿಸಿಹೋಗಿರಬಾರದು. ಆ ತಿಣುಕಾಟದಿಂದಲೇ ನೆನಪು ಗಟ್ಟಿಯಾಗುವುದು. ಇದನ್ನು ಮಕ್ಕಳಿಗೆ ಮೊದಲೇ ಹೇಳಿರಬೇಕು, ಇಲ್ಲವಾದರೆ ತಿಣುಕಿದ ಕೂಡಲೇ ‘ನನಗೆ ಬರೋದಿಲ್ಲ’ ಎಂದು ಕೂರುತ್ತಾರೆ.

ಅಕ್ಕನ ಮಗಳಿಗೆ ಮಾಡಿಕೊಟ್ಟದ್ದು ಒಂದು ಚಪ್ಪಲಿ ಡಬ್ಬಿ. ಅಕ್ಕ ಎತ್ತಿಟ್ಟಿದ್ದ ಹಳೆಯ ಲಗ್ನಪತ್ರಿಕೆಗಳ ಖಾಲಿ ಬೆನ್ನನ್ನು ಕತ್ತರಿಸಿ ಚೀಟಿ ಮಾಡಿದೆವು. ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ, ಎರಡೂ ಅವಳದೇ ಅಕ್ಷರದಲ್ಲಿ. ಡಬ್ಬಿಯಲ್ಲಿ ಮೂರು ಅಂಕಣ. ಉತ್ತರ ಬಂದ ಚೀಟಿ ಹಿಂದಿನ ಅಂಕಣಕ್ಕೆ ಹೋಗುತ್ತದೆ, ಬಾರದ್ದು ಮುಂದಿನದಕ್ಕೆ ಬರುತ್ತದೆ. ಮುಂದಿನ ಅಂಕಣ ದಿನಾ, ನಡುವಿನದು ವಾರಕ್ಕೆರಡು ಸಲ, ಹಿಂದಿನದು ಹದಿನೈದು ದಿನಕ್ಕೊಮ್ಮೆ. 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬ ಪತ್ರಕರ್ತ ಜನಪ್ರಿಯಗೊಳಿಸಿದ ಉಪಾಯವಿದು. ಇದಕ್ಕೆ ಮೊಬೈಲ್ ಆ್ಯಪ್‌ಗಳೂ ಇವೆ. ಆದರೆ ಹದಿನೈದು ವರ್ಷದ ಮಗುವಿನ ಕೈಗೆ ‘ಓದಲಿಕ್ಕೆ’ ಎಂದು ಫೋನ್ ಕೊಟ್ಟವರ ಪಾಡು ನಿಮಗೂ ಗೊತ್ತಿರಬೇಕು. ಚಪ್ಪಲಿ ಡಬ್ಬಿಗೆ ನೋಟಿಫಿಕೇಷನ್ ಬರುವುದಿಲ್ಲ. ಮತ್ತೊಂದು ಮಾತು, ಚೀಟಿಯಲ್ಲಿ ಬರೀ ವ್ಯಾಖ್ಯೆ ಕೇಳಬೇಡಿ. ‘ಯಾಕೆ’, ‘ಹೇಗೆ’, ‘ಇದಕ್ಕೂ ಅದಕ್ಕೂ ಏನು ವ್ಯತ್ಯಾಸ’ ಎಂದು ಕೇಳಿದ ಚೀಟಿಯೇ ಕೆಲಸಕ್ಕೆ ಬರುವುದು.

ಬೆರೆಸುವ ವಿಚಾರಕ್ಕೆ ವಿಶಾಖಪಟ್ಟಣಕ್ಕೆ ಹೋಗಬೇಕು. ಎಂವಿಪಿ ಕಾಲೊನಿಯಲ್ಲಿರುವ ಗೆಳೆಯನ ಮಗ ಗಣಿತದಲ್ಲಿ ಹಟವಾದಿ. ಸಮಾಂತರ ಶ್ರೇಢಿಯ ಅಭ್ಯಾಸ ಹಿಡಿದರೆ ಮೂವತ್ತೂ ಲೆಕ್ಕ ಮುಗಿಸಿಯೇ ಏಳುತ್ತಾನೆ. ಎಲ್ಲ ಸರಿ, ಉತ್ತರವೂ ಸರಿ. ಪ್ರೀ ಫೈನಲ್‌ನಲ್ಲಿ ಮಾತ್ರ ಎಡವುತ್ತಾನೆ. ಕಾರಣ ಸರಳ. ಶ್ರೇಢಿಯ ಅಧ್ಯಾಯದಲ್ಲಿ ಕೂತು ಲೆಕ್ಕ ಮಾಡುವವನಿಗೆ ಇದು ಶ್ರೇಢಿಯ ಲೆಕ್ಕ ಎಂದು ಪುಸ್ತಕವೇ ಹೇಳಿಕೊಟ್ಟಿರುತ್ತದೆ. ಪ್ರಶ್ನೆಪತ್ರಿಕೆ ಹೇಳಿಕೊಡುವುದಿಲ್ಲ. ಇದು ಯಾವ ಜಾತಿಯ ಲೆಕ್ಕ ಎಂದು ಗುರುತಿಸುವುದೇ ಅಲ್ಲಿ ಅರ್ಧ ಕೆಲಸ, ಆ ಅರ್ಧವನ್ನು ಅವನು ಒಂದು ದಿನವೂ ಅಭ್ಯಾಸ ಮಾಡಿರಲಿಲ್ಲ.

ರೋರರ್ ಮತ್ತು ಟೇಲರ್ ಎಂಬ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಅಂಕಿಗಳಲ್ಲಿ ತೋರಿಸುತ್ತದೆ. ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಲೆಕ್ಕಗಳನ್ನು ಒಂದೊಂದು ಬಗೆಯಾಗಿ ಗುಡ್ಡೆ ಹಾಕಿ ಮಾಡಿದವರು ಅಭ್ಯಾಸದ ಹೊತ್ತಿಗೆ ಶೇಕಡ 89ರಷ್ಟು ಸರಿ ಮಾಡಿದರು, ಕಲಸಿ ಮಾಡಿದವರು 60ರಷ್ಟು. ವಾರದ ನಂತರದ ಪರೀಕ್ಷೆಯಲ್ಲಿ ಗುಡ್ಡೆಯವರು 20, ಕಲಸಿದವರು 63. ಅಭ್ಯಾಸದಲ್ಲಿ ಹಾಯೆನಿಸುವುದು ಪರೀಕ್ಷೆಯಲ್ಲಿ ಕೈಕೊಡುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಆ ಹುಡುಗ ಈಗ ರಫ್ ಪುಸ್ತಕದಲ್ಲಿ ಒಂದು ಶ್ರೇಢಿ, ಒಂದು ವರ್ಗಸಮೀಕರಣ, ಒಂದು ತ್ರಿಕೋನಮಿತಿ, ಒಂದು ಸಂಭವನೀಯತೆ, ಹೀಗೆ ಹಿಂದಿನ ಅಧ್ಯಾಯಗಳಿಂದ ಆರಿಸಿ ದಿನಕ್ಕೆ ಹತ್ತು ಲೆಕ್ಕ ಮಾಡುತ್ತಾನೆ. ಮೊದಲ ವಾರ ತಂದೆಯಿಂದ ಫೋನ್ ಮಾಡಿಸಿ ನನ್ನನ್ನು ಬೈದ. ಭಾನುವಾರ ಬೆಳಿಗ್ಗೆ ಅವನೂ ಸೇರಿ ಮೂವರು ಹುಡುಗರು ಬೀಚ್ ರೋಡಿನಲ್ಲಿ ಕುರ್ಸುರಾ ಜಲಾಂತರ್ಗಾಮಿ ಸಂಗ್ರಹಾಲಯದವರೆಗೆ ನಡೆದು ಬರುತ್ತಾರೆ. ಹೋಗುವಾಗ ಒಬ್ಬ ಪ್ರಶ್ನೆ ಕೇಳಬೇಕು, ಬರುವಾಗ ಇನ್ನೊಬ್ಬ. ತಪ್ಪು ಹೇಳಿದವನು ಮನೆಗೆ ಬಂದು ಅದನ್ನು ‘ತಪ್ಪಿನ ಪುಸ್ತಕ’ದಲ್ಲಿ ಬರೆಯಬೇಕು: ಏನು ಬರೆದೆ, ಯಾಕೆ ತಪ್ಪಾಯಿತು, ಸರಿ ಯಾವುದು. ಎಲ್ಲ ಕ್ರಮಗಳಲ್ಲಿ ನನಗೆ ಈ ಪುಸ್ತಕದ ಮೇಲೆ ಹೆಚ್ಚು ಮೋಹ. ಉತ್ತರ ತಾಳೆ ನೋಡದ ಪರೀಕ್ಷೆ, ತಪ್ಪನ್ನೇ ಬಾಯಿಪಾಠ ಮಾಡಿದಂತೆ. ಕರ್ನಾಟಕದ ಪರೀಕ್ಷಾ ಮಂಡಳಿ ಮಾದರಿ ಪ್ರಶ್ನೆಪತ್ರಿಕೆ, ಮಾದರಿ ಉತ್ತರಗಳನ್ನು ಹೊರಡಿಸುತ್ತದೆ. ನಮ್ಮ ಮಕ್ಕಳು ಮೊದಲನೆಯದನ್ನು ತೆಗೆದುಕೊಂಡು ಎರಡನೆಯದನ್ನು ಬಿಟ್ಟುಬಿಡುತ್ತಾರೆ.

ಈಗ ಆಂಧ್ರದ ಬಗ್ಗೆ ಒಂದು ಒಳ್ಳೆಯ ಮಾತು, ಒಂದು ಕೆಟ್ಟ ಮಾತು. ಅಲ್ಲಿನ ಶಾಲೆಗಳಲ್ಲಿ ‘ಸ್ಲಿಪ್ ಟೆಸ್ಟ್’ ಎಂಬ ಪದ್ಧತಿ ಇದೆ. ಅರ್ಧ ಹಾಳೆ, ನಾಲ್ಕು ಪ್ರಶ್ನೆ, ಹತ್ತು ಹದಿನೈದು ನಿಮಿಷ. ಇತ್ತೀಚೆಗೆ ಸರ್ಕಾರ ಹತ್ತನೆಯ ತರಗತಿಗಾಗಿ ಹಾಕಿಕೊಳ್ಳುವ ನೂರು ದಿನದ ಕ್ರಿಯಾಯೋಜನೆಗಳಲ್ಲೂ ಇಂಥ ಚಿಕ್ಕ ಪರೀಕ್ಷೆಗಳದ್ದೇ ಕಾರುಬಾರು. ನಮ್ಮಲ್ಲಿ ಪರೀಕ್ಷೆಯೆಂದರೆ ತಿಂಗಳಿಗೊಂದು ಯುದ್ಧ, ಇಲ್ಲವೇ ವಾರ್ಷಿಕ ಪರೀಕ್ಷೆಗೆ ಮುಂಚಿನ ಪ್ರಿಪರೇಟರಿ. ಆಂಧ್ರದ ಈ ಅರ್ಧ ಹಾಳೆಯನ್ನು ನಾವು ನಾಚಿಕೆಯಿಲ್ಲದೆ ಎರವಲು ತರಬಹುದು.

ಆದರೆ ಅದರ ಬೆನ್ನಿಗೆ ಕಟ್ಟಿರುವ ರ್‍ಯಾಂಕ್ ಪಟ್ಟಿಯನ್ನು ತರಬಾರದು. ವಿಜಯವಾಡದ ಸುತ್ತ ಗೂಡವಲ್ಲಿ, ನಿಡಮಾನೂರು, ಪೋರಂಕಿ ಕಡೆ ಸಾಲುಗಟ್ಟಿರುವ ರೆಸಿಡೆನ್ಷಿಯಲ್ ಕ್ಯಾಂಪಸ್ಸುಗಳಿಗೆ ಬಳ್ಳಾರಿ, ರಾಯಚೂರಿನ ಮಕ್ಕಳೂ ಹೋಗುತ್ತಾರೆ. ನಸುಕಿನಲ್ಲಿ ಏಳುವುದು, ರಾತ್ರಿಯವರೆಗೆ ಸ್ಟಡಿ ಅವರ್, ವಾರಾಂತ್ಯದ ಟೆಸ್ಟ್, ಸೋಮವಾರ ಗೋಡೆಯ ಮೇಲೆ ಅಂಕ, ಅಂಕಕ್ಕೆ ತಕ್ಕ ಸೆಕ್ಷನ್. ಟೆಸ್ಟ್ ಇರುವುದು ಮಗುವಿಗೆ ತನ್ನ ತೂತು ತೋರಿಸಲು. ಅದನ್ನು ಗೋಡೆಗೆ ಅಂಟಿಸಿದ ಕೂಡಲೇ ಅದು ತೂತು ಮುಚ್ಚಿಡುವ ಆಟವಾಗುತ್ತದೆ, ಕಾಪಿ ಅಲ್ಲಿಂದ ಹುಟ್ಟುತ್ತದೆ, ಅದಕ್ಕಿಂತ ಕೆಟ್ಟದ್ದೂ ಹುಟ್ಟುತ್ತದೆ. ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ ಹದಿನೇಳು ವರ್ಷದ ಹುಡುಗಿಯೊಬ್ಬಳ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೂ ಹದಿನೈದು ಮಾರ್ಗಸೂಚಿ ಕೊಟ್ಟಿತು. ಅಂಕ ನೋಡಿ ಬ್ಯಾಚ್ ಒಡೆಯುವುದನ್ನು, ಎಲ್ಲರೆದುರು ಅವಮಾನಿಸುವುದನ್ನು, ಶಕ್ತಿಗೆ ಮೀರಿದ ಗುರಿ ಹೊರಿಸುವುದನ್ನು ಬಿಡಿ ಎಂಬುದು ಅವುಗಳಲ್ಲೊಂದು. ನೂರು ಮಕ್ಕಳಿರುವ ಕಡೆ ಆಪ್ತಸಮಾಲೋಚಕರಿರಬೇಕು ಎಂಬುದು ಇನ್ನೊಂದು. ನಿಮ್ಮ ಮಗುವಿನ ಶಾಲೆಯಲ್ಲಿ ಇವೆಯೇ ಎಂದು ಕೇಳುವ ಹಕ್ಕು ನಿಮಗಿದೆ, ಕೇಳಿ.

ನಿದ್ದೆಯ ಬಗ್ಗೆ ಉಪದೇಶ ಮಾಡುವುದಿಲ್ಲ. ಹದಿಮೂರರಿಂದ ಹದಿನೆಂಟರವರಿಗೆ ಎಂಟರಿಂದ ಹತ್ತು ಗಂಟೆ ಬೇಕೆಂದು ನಿದ್ರಾ ತಜ್ಞರು ಹೇಳುತ್ತಾರೆ, ಹಗಲು ಕಲಿತದ್ದು ತಲೆಯಲ್ಲಿ ನೆಲೆಯೂರುವುದಕ್ಕೂ ನಿದ್ದೆ ಬೇಕು. ‘ನೈಟ್ ಔಟ್’ ಹೊಡೆದು ಹೆಮ್ಮೆಪಡುವ ಮಕ್ಕಳಿಗೆ ಇಷ್ಟು ತಿಳಿದರೆ ಸಾಕು.

ಇನ್ನು ಕೊನೆಯ ತಿಂಗಳು. ಆಂಧ್ರದಲ್ಲಿ ಹೆಚ್ಚಿನ ಪತ್ರಿಕೆಗಳ ಪರೀಕ್ಷೆ ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೆರಡೂ ಮುಕ್ಕಾಲರವರೆಗೆ, ಅದರಲ್ಲಿ ಹದಿನೈದು ನಿಮಿಷ ಪ್ರಶ್ನೆಪತ್ರಿಕೆ ಓದಲು. ವಾರಕ್ಕೆರಡು ಸಲ ಅದೇ ಹೊತ್ತಿಗೆ, ಮೇಜಿನ ಮೇಲೆ, ನೀರಿನ ಬಾಟಲಿಯೊಂದನ್ನು ಇಟ್ಟುಕೊಂಡು ಹಳೆಯ ಪತ್ರಿಕೆಯೊಂದನ್ನು ಪೂರ್ತಿ ಬರೆಯಬೇಕು. ವಿಜಯವಾಡದ ಮಾರ್ಚ್ ಬಿಸಿಲಿನಲ್ಲಿ ಮೂರು ಗಂಟೆ ಕೈ ನೋಯಿಸಿಕೊಂಡು ಬರೆಯುವುದೂ ಅಭ್ಯಾಸದಿಂದಲೇ ಬರಬೇಕು. ಚಿತ್ರಗಳನ್ನು ನೋಡದೆ ಬಿಡಿಸಿ, ಆಮೇಲೆ ಕೆಂಪು ಪೆನ್ನಿನಲ್ಲಿ ತಾವೇ ತಿದ್ದಿಕೊಳ್ಳಬೇಕು. ಹೈಲೈಟರ್ ಬೇಕೇ ಬೇಕು ಎನ್ನುವವರು ಪುಸ್ತಕ ಮುಚ್ಚಿ ಬರೆದಾಗ ಬಿಟ್ಟುಹೋದ ಸಾಲಿಗೆ ಮಾತ್ರ ಹಚ್ಚಲಿ. ಆಗ ಆ ಬಣ್ಣಕ್ಕೊಂದು ಅರ್ಥ ಬರುತ್ತದೆ.

ಸಂಕ್ರಾಂತಿಗೆ ಅಕ್ಕನ ಮಗಳು ಫೋನ್ ಮಾಡಿದ್ದಳು. ಮೂತ್ರಪಿಂಡವನ್ನು ನಾನು ಕೇಳುವ ಮೊದಲೇ ಒಪ್ಪಿಸಿದಳು, ತೆಲುಗು ಬೆರೆತ ಕನ್ನಡದಲ್ಲಿ. ಒಂದು ಕಡೆ ತಪ್ಪಿದಳು, ತಾನೇ ತಿದ್ದಿಕೊಂಡಳು. ಆಮೇಲೆ ಅವಳು ಕೇಳಿದ ಪ್ರಶ್ನೆಗೆ ನನಗೇ ಉತ್ತರ ಹೊಳೆಯಲಿಲ್ಲ.

ಇಷ್ಟೆಲ್ಲ ಬರೆದ ಮೇಲೆ ಒಂದು ಕೋರಿಕೆ. ಆಂಧ್ರದ ಹತ್ತನೆಯ ತರಗತಿ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವ ಮಕ್ಕಳಿದ್ದಾರೆ. ರಾಯದುರ್ಗ, ಮಡಕಶಿರಾ, ಆದೋನಿಯ ಕಡೆಯ ಕನ್ನಡ ಶಾಲೆಗಳವರು. ವಿಜಯವಾಡ, ವಿಶಾಖಪಟ್ಟಣದ ಅಂಗಡಿಗಳಲ್ಲಿ ತೆಲುಗು, ಇಂಗ್ಲಿಷಿನ ಪ್ರಶ್ನಸಂಚಯಗಳು ರಾಶಿ ಬಿದ್ದಿರುತ್ತವೆ, ಕನ್ನಡದಲ್ಲಿ ಈ ಮಕ್ಕಳಿಗೆ ಪಠ್ಯಪುಸ್ತಕದಾಚೆ ಸಿಗುವುದು ಕಡಿಮೆ. ಒಪ್ಪಿಸಬೇಕೆಂದರೆ ಕೇಳುವ ಪ್ರಶ್ನೆ ಬೇಕಲ್ಲ. ಈಗ ಗಣಿತ, ವಿಜ್ಞಾನಗಳಲ್ಲಿ ಎರಡೂ ರಾಜ್ಯಗಳು ಎನ್‌ಸಿಇಆರ್‌ಟಿ ಪಾಠಗಳನ್ನೇ ಅನುಸರಿಸುತ್ತಿರುವುದರಿಂದ ನಮ್ಮ ಎಸ್ಸೆಸ್ಸೆಲ್ಸಿಯ ಕನ್ನಡ ಪ್ರಶ್ನೆಗಳು ಅವರಿಗೂ ನಡೆಯುತ್ತವೆ. ನಿಮ್ಮ ಮಗನ, ಮಗಳ ಎಸ್ಸೆಸ್ಸೆಲ್ಸಿ ಮುಗಿದಿದ್ದರೆ ಹಳೆಯ ಪ್ರಶ್ನೆಪತ್ರಿಕೆಗಳನ್ನೂ ಪ್ರಶ್ನಸಂಚಯವನ್ನೂ ರದ್ದಿಗೆ ಹಾಕಬೇಡಿ. ಬಳ್ಳಾರಿಯಿಂದ ರಾಯದುರ್ಗಕ್ಕೆ, ಆದೋನಿಗೆ ಬಸ್ಸಿನಲ್ಲಿ ಒಂದೂವರೆ ಎರಡು ಗಂಟೆಯ ದಾರಿ. ಯಾರಾದರೂ ಆ ಕಡೆ ಹೋಗುವವರ ಕೈಯಲ್ಲಿ ಕೊಟ್ಟು ಕಳಿಸಿ.